ಸಪ್ಪೆ ರೊಟ್ಟಿ

ಸೆವಿಂಚ್ ಎರಡು ವರ್ಷದಿಂದ ದಿನಾ ಎರಡು ಹಿಟ್ಟು ನಾದುತ್ತಿದ್ದಳು. ಸಣ್ಣ ಮುದ್ದೆ ತನಗೂ ಅತ್ತೆಗೂ. ಅದಕ್ಕೆ ಉಪ್ಪು ಬೀಳುತ್ತಿತ್ತು. ದೊಡ್ಡ ಮುದ್ದೆ ಮನೆಯಲ್ಲಿ ಠಿಕಾಣಿ ಹೂಡಿದ್ದ ಸಿಪಾಯಿಗೆ. ಅದಕ್ಕೆ ಒಂದು ಹರಳೂ ಇಲ್ಲ. ಎರಡೂ ಬೆರೆತುಹೋಗದ ಹಾಗೆ ತಮ್ಮ ರೊಟ್ಟಿಯ ನಡುವೆ ಕೋಳಿಗರಿಯ ಕಟ್ಟಿನಿಂದ ಸುತ್ತುಸುತ್ತಾಗಿ ಚುಚ್ಚುತ್ತಿದ್ದಳು, ಅವನ ರೊಟ್ಟಿಗೆ ಬರೀ ಒಂದು ಅಡ್ಡಗೆರೆ.

ಅಷ್ಟಕ್ಕೇ ಬಿಟ್ಟವಳಲ್ಲ. ಕಾಶ್ಗರ ಪಟ್ಟಣದ ಹೊಟ್ಟೆದೊಡ್ಡ ಮಣ್ಣಿನ ಒಲೆಗಳ ಒಳಗೋಡೆಗೆ ರೊಟ್ಟಿ ಕಚ್ಚಿಕೊಳ್ಳಲಿ ಎಂದು ಉಪ್ಪುನೀರು ಚಿಮುಕಿಸುವುದು ವಾಡಿಕೆ. ಅವನ ರೊಟ್ಟಿ ಬಡಿಯುವ ಕಡೆಗೆ ಮಾತ್ರ ಸೆವಿಂಚ್ ಬರೀ ನೀರು ಚಿಮುಕಿಸುತ್ತಿದ್ದಳು. ಬರೀ ನೀರಿಗೆ ರೊಟ್ಟಿ ನಿಲ್ಲುತ್ತದೆಯೇ? ಮೂರಕ್ಕೊಂದು ಜಾರಿ ಬೂದಿಗೆ ಬೀಳುತ್ತಿತ್ತು. ಬಿದ್ದದ್ದನ್ನು ತೆಗೆದು, ಎರಡು ಸಲ ಕೊಡವಿ, ಅವನ ಮುಂದೆಯೇ ಇಡುತ್ತಿದ್ದಳು. ಬೂದಿ ತಿಂದರೆ ಋಣ ಹತ್ತುತ್ತದೆ ಎಂದು ಯಾವ ಹಿರಿಯರೂ ಹೇಳಿಲ್ಲ.

ಉಪ್ಪು ತಿಂದರೆ ಹತ್ತುತ್ತದೆ. ಒಬ್ಬರ ಉಪ್ಪು ಇನ್ನೊಬ್ಬರ ಹೊಟ್ಟೆಗೆ ಹೋಯಿತೆಂದರೆ ಮುಗಿಯಿತು, ಇಕ್ಕಿದವರು ತಿಂದವರ ಮೇಲೆ ಕೈಯೆತ್ತುವಂತಿಲ್ಲ, ತಿಂದವರು ಇಕ್ಕಿದವರ ಮೇಲೆ ಕೈಯೆತ್ತುವಂತಿಲ್ಲ. ಹಿಡಿದುಕೊಡುವಂತಿಲ್ಲ, ಹೆಸರು ಹೇಳುವಂತೆಯೂ ಇಲ್ಲ. ಮಸೀದಿಗೆ ಹೋಗುವವರೂ ಒಪ್ಪುವ ಮಾತು ಇದು, ಹೋಗದ ಪೋಲಿಗಳೂ ಒಪ್ಪುವ ಮಾತು. ಸೆವಿಂಚಳಿಗೆ ಆ ಸಿಪಾಯಿಯನ್ನು ತನ್ನ ಕೈಯಾರೆ ಕೊಲ್ಲಬೇಕಿತ್ತು. ಅದಕ್ಕಾಗಿ ಕೈಯನ್ನು ಉಪ್ಪಿನಿಂದ ಬಿಡಿಸಿಟ್ಟುಕೊಂಡಿದ್ದಳು.

ಅವಳ ಹೆಸರಿನ ಅರ್ಥ ಸಂತೋಷ ಎಂದು. ಇಟ್ಟವರಿಗೆ ಮುಂದಾಗುವುದೇನು ಗೊತ್ತಿತ್ತು, ಪಾಪ.

ಆಗ ಊರನ್ನು ಆಳುತ್ತಿದ್ದವನು ನೈಮನ್ ಕುಲದ ಒಬ್ಬ ದೊರೆ. ಮಂಗೋಲರ ಕೈಯಲ್ಲಿ ಪೆಟ್ಟು ತಿಂದು, ಹುಲ್ಲುಗಾವಲಿನಿಂದ ಬಾಲ ಮುದುರಿಕೊಂಡು ಓಡಿಬಂದವನು. ಈ ಸೀಮೆಗೆಲ್ಲ ಒಡೆಯನಾಗಿದ್ದ ಖಿತಾಯ್ ಚಕ್ರವರ್ತಿ ಅಯ್ಯೋ ಎಂದು ಮನೆಗೆ ಸೇರಿಸಿ ಮಗಳನ್ನೂ ಕೊಟ್ಟ. ಅಳಿಯ ಮಾವನ ಉಪ್ಪು ತಿಂದು, ಬಾಯೊರೆಸಿಕೊಂಡು, ಮಾವನ ಸಿಂಹಾಸನವನ್ನೇ ಕಿತ್ತುಕೊಂಡ. ಅಂಥವನಿಗೆ ಕಾಶ್ಗರ ಬಗ್ಗಲಿಲ್ಲ. ಬಗ್ಗಲಿಲ್ಲವೆಂದು ಅವನು ಮೂರು ವರ್ಷ, ಸರಿಯಾಗಿ ಗೋಧಿ ಹಣ್ಣಾಗುವ ಹೊತ್ತಿಗೆ, ದಂಡು ಕಳಿಸಿ ಹೊಲಗಳನ್ನು ತುಳಿಸಿ ಸುಡಿಸಿದ. ಮೂರನೆಯ ವರ್ಷ ಊರು ಹಸಿವಿನಿಂದ ಕೋಟೆಬಾಗಿಲು ತೆರೆಯಿತು. ಆಮೇಲೆ ಬಾಂಗು ಕೂಗುವಂತಿಲ್ಲ, ಮನೆಗೊಬ್ಬ ಸಿಪಾಯಿಗೆ ಅನ್ನ ನೆಳಲು ಕೊಡಬೇಕು. ಒಬ್ಬ ಸಿಪಾಯಿ ಸತ್ತರೆ ಆ ಬೀದಿಯ ಹತ್ತು ಗಂಡಸರ ತಲೆ ಹೋಗುತ್ತದೆ ಎಂದು ಡಂಗುರ ಬೇರೆ.

ಸೆವಿಂಚಳ ಗಂಡ ಇದ್ರೀಸ್ ಸತ್ತಿದ್ದು ಆ ಮೂರನೆಯ ಸುಗ್ಗಿಯಲ್ಲಿ. ಅವಳು ಬುತ್ತಿ ಹೊತ್ತುಕೊಂಡು ಕಾಲುವೆಯ ಹಿಪ್ಪುನೇರಳೆ ಮರಗಳ ತನಕ ಬಂದಿದ್ದಳು. ಅರ್ಧ ಕೊಯ್ದ ಹೊಲದ ನಡುವೆ ಗಂಡ ಎರಡೂ ಕೈ ಅಗಲಿಸಿ ನಿಂತಿದ್ದ, ಆಡು ಓಡಿಸುವವರ ಹಾಗೆ. ಎದುರಿಗೆ ಕರಿಬಿಳಿ ಮಚ್ಚೆಯ ಕುದುರೆಯ ಮೇಲೆ ಒಬ್ಬ ಸವಾರ, ಅವನ ಎಡಗಿವಿ ಅರ್ಧ ಹರಿದುಹೋಗಿತ್ತು. ಅವನು ಹಗ್ಗ ಬೀಸಿದ. ಮುಂದಿನದನ್ನು ಅವಳು ಪೂರ್ತಿ ನೋಡಿದಳು. ಕಣ್ಣು ಮುಚ್ಚಿಕೊಳ್ಳಬಹುದಿತ್ತು, ಮುಚ್ಚಲಿಲ್ಲ.

ಎರಡು ತಿಂಗಳ ಮೇಲೆ, ಮನೆಗೊಬ್ಬ ಸಿಪಾಯಿ ಎಂಬ ಹುಕುಂ ಬಂದಾಗ, ಅದೇ ಅರ್ಧ ಕಿವಿ ಅದೇ ಮಚ್ಚೆ ಕುದುರೆಯನ್ನು ಹಿಡಿದುಕೊಂಡು ಅವಳ ಬಾಗಿಲಲ್ಲೇ ಬಂದು ನಿಂತಿತು. ಊರಲ್ಲಿ ಸಾವಿರ ಬಾಗಿಲಿದ್ದವು. ಅವಳಿಗೆ ಒಳಗೊಳಗೇ ಒಂದು ಬಗೆಯ ಖುಷಿ ಆಯಿತು. ಹುಡುಕಿಕೊಂಡು ಹೋಗಬೇಕಾಗಿದ್ದವನು ತಾನೇ ನಡೆದುಬಂದಿದ್ದಾನಲ್ಲ!

ಅವನ ಹೆಸರು ಕೊಚ್ಕಾರ್. ಅಲ್ಲಿಯವರ ಮಾತಿನಲ್ಲಿ ಹಾಗೆಂದರೆ ಟಗರು. ಬೀದಿಯ ಹೆಂಗಸರು ಅವನ ಬೆನ್ನ ಹಿಂದೆ ಟಗರು ಎಂದೇ ಕರೆಯುತ್ತಿದ್ದರು. ಮೈಮೇಲೆ ಬೀಳುವವನಲ್ಲ, ಕುಡಿದು ಗಲಾಟೆ ಮಾಡುವವನಲ್ಲ, ಅವನಿಗೆ ಹೊಟ್ಟೆಯದೇ ದೊಡ್ಡ ಚಿಂತೆ. ಮೊದಲನೆಯ ದಿನ ರೊಟ್ಟಿ ಮುರಿದು ಬಾಯಿಗಿಟ್ಟವನು ಹಾಗೇ ನಿಂತ.

"ಏನಕ್ಕಾ ಇದು? ಸಪ್ಪೆ!"

"ಮನೇಲಿ ಉಪ್ಪಿಲ್ಲ" ಅಂದಳು ಸೆವಿಂಚ್. "ನಿಮ್ಮ ದೊರೆ ಮರಳುಗಾಡಿಂದ ಉಪ್ಪು ತರೋ ಗಾಡೀನೆಲ್ಲ ನಿಲ್ಲಿಸಿದಾನೆ. ಬಡವರು ಎಲ್ಲಿಂದ ತರೋಣ?"

"ಒಂದು ಹರಳೂ ಇಲ್ವಾ?"

"ಬೇಕಾದ್ರೆ ನಿಂತ್ಕೊಂಡು ಅಳ್ತೀನಿ, ಕಣ್ಣೀರಲ್ಲಿ ನೆನೆಸ್ಕೊಂಡು ತಿನ್ನು."

ಅವನು ಹೋ ಎಂದು ನಕ್ಕುಬಿಟ್ಟ. ಇನ್ನೊಂದು ಮಾತಾಡದೆ ಐದು ರೊಟ್ಟಿ ತಿಂದ. ಆ ದಿನದಿಂದ ಉಪ್ಪಿನ ಸುದ್ದಿ ಎತ್ತಲಿಲ್ಲ. ಸದ್ಯ, ಇಷ್ಟು ಸುಲಭವಾಯಿತಲ್ಲ ಎಂದುಕೊಂಡಳು ಅವಳು.

ಅತ್ತೆ ಉಮಾಯಿಗೆ ಅವಳು ಏನನ್ನೂ ಹೇಳಿರಲಿಲ್ಲ. ದಂಡಿನ ಕುದುರೆಗಳ ಕಾಲಿಗೆ ಸಿಕ್ಕಿ ಮಗ ಸತ್ತ ಎಂದಷ್ಟೇ ಮುದುಕಿಗೆ ಗೊತ್ತಿದ್ದದ್ದು. ಉಮಾಯಿ ಅಜ್ಜಿಯ ಕಿವಿಗೆ ಬೆಳಿಗ್ಗೆ ಬಿದ್ದ ಮಾತು ಮಧ್ಯಾಹ್ನದೊಳಗೆ ಕುರಿಸಂತೆ ತಲುಪುತ್ತದೆ, ಸಂಜೆಗೆ ಇನ್ನೆರಡು ಕೊಂಬು ಮೂಡಿಸಿಕೊಂಡು ವಾಪಸು ಬರುತ್ತದೆ. ತಿಳಿದರೆ ಅವಳು ಅಂದೇ ಸೌದೆ ಕೊಳ್ಳಿ ಹಿಡಿದು ಅವನ ಮೇಲೆ ಬೀಳುತ್ತಿದ್ದಳು, ಬೀದಿಯ ಹತ್ತು ತಲೆ ಉರುಳುತ್ತಿದ್ದವು. ಆದ್ದರಿಂದ ಸೆವಿಂಚ್ ಬಾಯಿಗೆ ಬೀಗ ಹಾಕಿಕೊಂಡಳು. ಎರಡು ಹಿಟ್ಟಿನ ಗುಟ್ಟೂ ಅವಳೊಬ್ಬಳದೇ. ಮುದುಕಿಗೆ ಕಣ್ಣು ಮಂಜು, ಚುಚ್ಚಿದ ಗೆರೆ ಯಾವುದೆಂದು ಕಾಣುತ್ತಿರಲಿಲ್ಲ.

ತಿಳಿಯದವಳು ಏನು ಮಾಡಿದಳು? ಟಗರಿಗೆ ಅವ್ವನಾದಳು. ಅವನು "ಅವ್ವಾ" ಎಂದರೆ ಸಾಕು, ಎದ್ದು ಬರುತ್ತಿದ್ದಳು. ಅವನ ಅಂಗಿಯ ಅಂಚು ಹರಿದಾಗ ಕಣ್ಣಿಗೆ ಹತ್ತಿರ ಹಿಡಿದು ಕೆಂಪು ನೂಲಿನಲ್ಲಿ ಹೊಲಿದುಕೊಟ್ಟಳು. ಅದನ್ನು ನೋಡಿ ಸೆವಿಂಚಳಿಗೆ ಹೊಟ್ಟೆ ಉರಿದುಹೋಯಿತು.

"ಅವನಿಗ್ಯಾಕೆ ಅತ್ತೆ ಇಷ್ಟು ಉಪಚಾರ? ಆ ಜನ ನಿಮ್ಮ ಮಗನ್ನ ತಿಂದಿದಾರೆ."

"ಆ ಜನ ತಿಂದ್ರು ಕಣೇ. ಇವನು ತಿಂದ್ನಾ? ಇವನೂ ಯಾವಳೋ ಹೆತ್ತಿದ್ದು."

ಸೆವಿಂಚ್ ನಾಲಿಗೆ ಕಚ್ಚಿಕೊಂಡು ಹಿಟ್ಟನ್ನು ಗುದ್ದಿದಳು. ಆ ದಿನದ ರೊಟ್ಟಿ ಬಹಳ ಮೆತ್ತಗೆ ಬಂದಿತ್ತು.

ಒಂದು ಮಧ್ಯಾಹ್ನ ಅತ್ತೆ ಪಕ್ಕದ ಬೀದಿಗೆ ಬಾಣಂತಿಯನ್ನು ನೋಡಲು ಹೋಗಿದ್ದಳು. ಕೊಚ್ಕಾರ್ ಅಂಗಳದಲ್ಲಿ ಕೂತು ತನ್ನ ಹೊಸ ಹಗ್ಗಕ್ಕೆ ಕುರಿಕೊಬ್ಬು ತಿಕ್ಕುತ್ತಿದ್ದ. ಸುಮ್ಮನಿರಲಾರದೆ ಅವಳೇ ಕೇಳಿದಳು.

"ಹೊಸದಾ ಹಗ್ಗ?"

"ಹೊಸದೇ. ಆದ್ರೆ ಹಳೇದರ ಮುಂದೆ ಇದೇನೂ ಅಲ್ಲ ಬಿಡಕ್ಕಾ. ನಮ್ಮಪ್ಪ ಹೆಣೆದಿದ್ದು, ಪೂರಾ ಕುದುರೆ ಬಾಲದ ಕೂದಲು. ಹೋದ್ ವರ್ಷ ನಿಮ್ಮೂರ ಗೋಧಿ ಸುಡೋಕೆ ಬಂದಿದ್ವಲ್ಲ, ಆಗ ಹಾಳಾಯ್ತು."

"ಹೇಗೆ?"

"ಒಬ್ಬ ಹೊಲದ ಮಧ್ಯೆ ನಿಂತಿದ್ದ. ಸರಿಯೋ ಅಂದೆ. ಸರೀಲಿಲ್ಲ. ಸರಿಯಪ್ಪಾ ಅಂದೆ. ಊಹೂಂ. ಹಿಂದೆ ನಮ್ಮ ಸಾಹೇಬ ನೋಡ್ತಿದಾನೆ, ನಾನೇನು ಮಾಡ್ಲಿ? ಬೀಸಿ ಎಳೆದೆ. ಕೂಳೆ ಮೇಲೆ ಆ ಬದುವಿಂದ ಈ ಬದುವಿಗೆ ಎರಡು ಸಲ. ಕೂಳೆ ಅಂದ್ರೆ ಗರಗಸ ಅಲ್ವಾ, ಹಗ್ಗ ಎಳೆ ಎಳೆಯಾಗಿ ಬಿಚ್ಕೊಂಡ್ಬಿಡ್ತು."

"ಅವನು?"

"ಯಾರು?"

"ಹೊಲದಲ್ಲಿ ನಿಂತಿದ್ದೋನು."

"ಓ, ಅವನಾ." ಅವನು ತಲೆ ಕೆರೆದುಕೊಂಡ. "ಏನೋ ಅಕ್ಕಾ, ಮುಖ ನೆನಪಿಲ್ಲ. ಹಗ್ಗ ಮಾತ್ರ ತುಂಬ ಚೆನ್ನಾಗಿತ್ತು."

ಸೆವಿಂಚ್ ಎದ್ದು ಹಿಟ್ಟಿನ ಕೋಣೆಗೆ ಹೋದಳು. ಅಲ್ಲಿ ಹಿಟ್ಟಿನ ಪೆಟ್ಟಿಗೆಯ ತಳದಲ್ಲಿ ಮಾಂಸ ಕಡಿಯುವ ಮಚ್ಚು ಇತ್ತು. ಮೊಣಕೈವರೆಗೆ ಹಿಟ್ಟಿನೊಳಗೆ ಕೈ ಇಳಿಸಿ, ಹಿಡಿಯನ್ನು ಗಟ್ಟಿಯಾಗಿ ಹಿಡಿದು, ಉಸಿರು ತಹಬಂದಿಗೆ ಬರುವ ತನಕ ಹಾಗೇ ನಿಂತಳು. ಬೀದಿಯ ಹತ್ತು ಗಂಡಸರ ಹೆಸರನ್ನು ಒಂದೊಂದಾಗಿ ಮನಸ್ಸಿನಲ್ಲಿ ಹೇಳಿಕೊಂಡಳು. ಆಮೇಲೆ ಹೊರಗೆ ಬಂದು ಅವನಿಗೆ ಆರು ರೊಟ್ಟಿ ಹಾಕಿಕೊಟ್ಟಳು. ಟಗರನ್ನು ಹಬ್ಬದ ತನಕ ಮೇಯಿಸುವುದು ಊರಿನ ಪದ್ಧತಿಯೇ.

ಒಂದು ಸಂಗತಿಯನ್ನು ಮಾತ್ರ ಅವಳು ಸರಿಯಾಗಿ ಗಮನಿಸಲಿಲ್ಲ. ಊರಲ್ಲೆಲ್ಲ ಉಪ್ಪಿಗೆ ಹಾಹಾಕಾರ, ಇವರ ಭರಣಿ ಮಾತ್ರ ಬರಿದಾಗುತ್ತಿರಲಿಲ್ಲ. ಒಮ್ಮೆ ಕೇಳಿದ್ದಳು. "ಅಲ್ಲಾ ಕೊಡ್ತಾನೆ, ನೀನು ಹಾಕು" ಎಂದು ಅತ್ತೆ ಮುಖ ತಿರುಗಿಸಿಕೊಂಡಿದ್ದಳು. ಮುದುಕಿಯ ಮಣಿಕಟ್ಟಿನಲ್ಲಿ ಬೆಳ್ಳಿಯ ಬಳೆ ಕಾಣಲಿಲ್ಲ. ಮಾರಿ ಉಪ್ಪು ತಂದಿದ್ದಾಳೆ, ಹೇಳಿಕೊಳ್ಳಲು ನಾಚಿಕೆ ಎಂದು ಸೆವಿಂಚ್ ತಾನೇ ಅರ್ಥಮಾಡಿಕೊಂಡು, ಮರುಗಿ, ಸುಮ್ಮನಾದಳು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಈ ಕತೆಯ ದಾರಿಯೇ ಬೇರೆಯಾಗುತ್ತಿತ್ತು.

ಮಂಗೋಲರು ಬಂದದ್ದು ಏಪ್ರಿಕಾಟ್ ಹೂವು ಉದುರುವ ಕಾಲದಲ್ಲಿ. ಅವರು ಬರುತ್ತಿದ್ದಾರೆಂಬ ಸುದ್ದಿಗೇ ನೈಮನ್ ದೊರೆಯ ಕೈಕಾಲು ಬಿದ್ದುಹೋಗಿ, ಒಳ್ಳೆಯ ಕುದುರೆಯಿದ್ದವರನ್ನು ಕಟ್ಟಿಕೊಂಡು ಬೆಳಗಾಗುವುದರೊಳಗೆ ಬೆಟ್ಟದ ಕಡೆ ಪರಾರಿಯಾಗಿದ್ದ. ಮನೆಮನೆಯಲ್ಲಿದ್ದ ಸಿಪಾಯಿಗಳಿಗೆ ಒಂದು ಮಾತು ಹೇಳುವ ಸೌಜನ್ಯವೂ ಇಲ್ಲ. ಕೊಚ್ಕಾರನ ಮಚ್ಚೆ ಕುದುರೆಗೆ ಹದಿನೈದು ದಿನದಿಂದ ಮುಂಗಾಲು ಬಾತುಕೊಂಡಿತ್ತು. ತಿಳಿದಿದ್ದರೂ ಅವನು ಹೋಗುವ ಹಾಗಿರಲಿಲ್ಲ.

ಹೊತ್ತು ನೆತ್ತಿಗೇರುವ ಮುಂಚೆ ಮಂಗೋಲರ ಕಡೆಯ ಡಂಗುರದವನು ಪೇಟೆಯ ನಡುವೆ ಬಂದು ಕೂಗಿದ.

"ಕೇಳ್ರಪ್ಪೋ ಕೇಳ್ರಿ! ಇವತ್ತಿಂದ ಯಾರ ದೇವ್ರನ್ನ ಯಾರು ಬೇಕಾದ್ರೂ ಕೂಗಬೋದು! ನಮಗೆ ಬೇಕಾಗಿರೋದು ಓಡಿಹೋದ ದೊರೆ, ಅವನ ಜನ. ಊರೋರ ಒಂದು ಕೋಳೀನೂ ಮುಟ್ಟಲ್ಲ!"

ಜನ ಮೊದಲು ನಂಬಲಿಲ್ಲ. ಆಮೇಲೆ ಯಾರೋ ಒಬ್ಬ ಮುದುಕ ಮಸೀದಿಯ ಮಾಳಿಗೆ ಹತ್ತಿ ಬಾಂಗು ಕೂಗಿದ. ಎರಡು ವರ್ಷ ಕೂಗದ ಗಂಟಲು, ನಡುವೆ ಒಡೆದುಹೋಯಿತು. ಆದರೂ ಮುಗಿಸಿದ. ಅದು ಮುಗಿದ ಮೇಲೆ ಬೀದಿಯ ಬಾಗಿಲುಗಳು ಒಂದರ ಹಿಂದೆ ಒಂದು ಮುಚ್ಚಿಕೊಂಡವು, ಒಳಗಿನಿಂದ ಅಗುಳಿ ಬಿದ್ದವು. ಪ್ರತಿ ಮನೆಯಲ್ಲೂ ಒಬ್ಬ ಸಿಪಾಯಿಯಿದ್ದ. ಮೊದಲ ಕಿರುಚಾಟ ನೇಕಾರರ ಮನೆಯಿಂದ ಬಂತು.

ಕೊಚ್ಕಾರ್ ಹಿತ್ತಿಲ ಗೋಡೆ ಹಾರಿ ಒಳಗೆ ಬಿದ್ದ.

"ಅಕ್ಕಾ! ಬೀದೀಲಿ ಕೊಲ್ತಿದಾರೆ. ಎಲ್ಲಾದ್ರೂ ಬಚ್ಚಿಡು. ನಿನ್ನ ಕಾಲಿಗೆ ಬೀಳ್ತೀನಿ."

ಸೆವಿಂಚ್ ಅಂಗಳದ ಒಲೆಯ ಕಡೆ ಕೈ ತೋರಿಸಿದಳು. ಆ ದಿನ ಒಲೆ ಹಚ್ಚಿರಲಿಲ್ಲ. ಮನುಷ್ಯ ಕುಕ್ಕುರುಗಾಲಲ್ಲಿ ಕೂತರೆ ತಲೆ ಮುಚ್ಚುವಷ್ಟು ಆಳ. ಅವನು ಗೋಧಿಚೀಲದ ಹಾಗೆ ಒಳಗಿಳಿದ.

"ಮುಚ್ಚಳ ಹಾಕ್ಬಿಡಕ್ಕಾ. ಸಾಯೋತನಕ ನಿನ್ನ ನೆನೆಸ್ಕೋತೀನಿ."

ಅದೇನು ಬಹಳ ದಿನದ ಮಾತಲ್ಲ ಎಂದುಕೊಂಡಳು ಅವಳು. ಬೀದಿ ಬಾಗಿಲಿಗೆ ಅಗುಳಿ ಹಾಕಿ ಬಂದಳು. ಹಿಟ್ಟಿನ ಪೆಟ್ಟಿಗೆಯಿಂದ ಮಚ್ಚು ತೆಗೆದು ಊದಿದಳು. ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಗಳಿಗೆ ಇದು. ಅವಳಿಗೆ ಹಬ್ಬದ ಬೆಳಗಿನ ಹಾಗಿತ್ತು. ಅತ್ತೆ ಪಡಸಾಲೆಯಲ್ಲಿ ಗೋಡೆಗೊರಗಿ ಕೂತು, ಎರಡು ವರ್ಷದ ಮೇಲೆ ಬಾಂಗು ಕೇಳಿದ್ದಕ್ಕೆ ಅಳುತ್ತಿದ್ದಳು.

ಸೆವಿಂಚ್ ಒಲೆಯ ಮುಚ್ಚಳ ಸರಿಸಿದಳು. ಸುಮ್ಮನೆ ಕಡಿದುಹಾಕಲು ಮನಸ್ಸಾಗಲಿಲ್ಲ. ಅವನ ಬಾಯಿಂದಲೇ ಒಂದು ಮಾತು ಬರಬೇಕಿತ್ತು.

"ಕೊಚ್ಕಾರ್, ಮೇಲೆ ನೋಡು. ನಾನು ಮಾಡಿಹಾಕಿದ ರೊಟ್ಟಿ ಹೇಗಿತ್ತು?"

ಕೆಳಗಿನಿಂದ ಬೂದಿ ಮೆತ್ತಿದ ಮುಖ ಅವಳನ್ನೂ ಮಚ್ಚನ್ನೂ ನೋಡಿತು. "ಏನಕ್ಕಾ ಈ ಹೊತ್ನಲ್ಲಿ..."

"ಸಪ್ಪೆ ಇತ್ತಾ ಇಲ್ವಾ? ನಿಜ ಹೇಳು."

"ಸಪ್ಪೆ ಇತ್ತು."

"ಎಷ್ಟು ದಿನ?"

"ದಿನಾನೂ."

"ಈ ಮನೆಯ ಒಂದು ಹರಳು ಉಪ್ಪು ನಿನ್ನ ಹೊಟ್ಟೆಗೆ ಹೋಗಿಲ್ಲ. ನೀನೇ ಒಪ್ಕೊಂಡೆ." ಅವಳು ಮಚ್ಚನ್ನು ಎರಡೂ ಕೈಯಲ್ಲಿ ಹಿಡಿದಳು.

"ಹೋಗ್ಲಿ ಬಿಡಕ್ಕಾ, ಅದಕ್ಯಾಕೆ ಬೇಜಾರು?" ಅಂದ ಅವನು. ಉಪ್ಪು ಹಾಕದ್ದಕ್ಕೆ ಅವಳು ಕ್ಷಮೆ ಕೇಳುತ್ತಿದ್ದಾಳೆ ಎಂದು ಪೆದ್ದ ತಿಳಿದಿದ್ದ. "ನಾನು ತಂದುಕೊಡ್ತಿದ್ದದ್ದು ನಿಮಗಿಬ್ರಿಗೇ ಸಾಲ್ತಿರ್ಲಿಲ್ಲ ಅಂತ ನಂಗೊತ್ತಿಲ್ವಾ? ಅದಕ್ಕೇ ನಾನು ಕೇಳ್ಲಿಲ್ಲ. ಅವ್ವ ಉಪ್ಪು ಹಾಕಿದ್ದು ತಿಂದ್ರೆ ಸಾಕು ಅನ್ಕೊಂಡೆ."

ಮಚ್ಚು ಗಾಳಿಯಲ್ಲೇ ನಿಂತಿತು.

"ಏನು ತಂದುಕೊಡ್ತಿದ್ದೆ?"

"ಉಪ್ಪು. ಕುದುರೆಗೆ ನೆಕ್ಕಿಸೋಕೆ ದಂಡಿನೋರು ಗಟ್ಟಿ ಕೊಡ್ತಾರಲ್ಲ, ಅದರಲ್ಲಿ ಅರ್ಧ. ನೀನು ಮನೇಲಿ ಉಪ್ಪಿಲ್ಲ ಅಂದ್ಯಲ್ಲ ಮೊದಲ್ನೇ ದಿನ, ಅವತ್ತಿಂದ. ಅವ್ವನ ಕೈಗೆ ಕೊಡ್ತಿದ್ದೆ. ನಿಂಗೆ ಹೇಳಬೇಡ ಅಂದಿದ್ದೆ. ನಿಂದು ಬಲು ಬಿಗುಮಾನ, ಬೀದಿಗೆಸೆದುಬಿಡ್ತೀಯ ಅಂತ."

ಸೆವಿಂಚ್ ತಿರುಗಿ ಅತ್ತೆಯನ್ನು ನೋಡಿದಳು. ಮುದುಕಿ ಆಗಲೇ ಗೋಡೆ ಹಿಡಿದು ಎದ್ದು ಅಂಗಳಕ್ಕೆ ಬಂದಿದ್ದಳು. ಸೊಸೆಯ ಕೈಯಲ್ಲಿ ಹೊಳೆಯುವುದೇನೆಂದು ಅಷ್ಟು ಮಂಜುಗಣ್ಣಿಗೂ ಕಂಡಿತು.

"ಅತ್ತೆ, ನಿಮ್ಮ ಬಳೆ ಎಲ್ಲಿ?"

ಉಮಾಯಿ ಸೊಂಟದ ಚೀಲಕ್ಕೆ ಕೈ ಹಾಕಿ ಬಳೆ ತೆಗೆದಳು. "ಇಲ್ಲೇ ಇದೆ ಕಣೇ. ನೀನು ಕೇಳಬಾರದು ಅಂತ ತೆಗೆದಿಟ್ಟಿದ್ದೆ. ಅವನು ಹೇಳಿದ್ದು ನಿಜ. ಎರಡು ವರ್ಷ ನಾವು ತಿಂದಿದ್ದು ಅವನ ಉಪ್ಪು. ಮಚ್ಚು ಕೆಳಗಿಡು."

"ನನಗೆ ಗೊತ್ತಿರ್ಲಿಲ್ಲ! ಗೊತ್ತಿಲ್ದೆ ತಿಂದಿದ್ದು ಋಣ ಆಗುತ್ತಾ?"

"ನಿಂಗೆ ಗೊತ್ತಿರ್ಲಿಲ್ಲ, ಹೊಟ್ಟೆಗೆ ಗೊತ್ತಿತ್ತಲ್ಲ! ಅವನಿಗೂ ಅದೇ ಹಿಟ್ಟಲ್ವಾ ನೀನು ನಾದಿದ್ದು?"

"ಅಲ್ಲ" ಅಂದಳು ಸೆವಿಂಚ್. "ಅವನಿಗೆ ಒಂದು ಹರಳೂ ಹಾಕಿಲ್ಲ."

ಹಾಗೆನ್ನುವಾಗ ಅವಳಿಗೆ ಅಳು ಉಕ್ಕಿಬಂತು. ಎರಡು ವರ್ಷ ದಿನಾ ಬೆಳಿಗ್ಗೆ ಅವನಿಗೆ ಉಪ್ಪು ತಪ್ಪಿಸಿ, ಅವನ ಉಪ್ಪನ್ನೇ ತಾನು ತಿಂದಿದ್ದಳು. ಯಾವ ನಿಯಮವನ್ನು ನೆಚ್ಚಿ ಇಷ್ಟು ದಿನ ಬದುಕಿದ್ದಳೋ ಅದೇ ನಿಯಮ ಬಂದು ಕೈ ಹಿಡಿದುಕೊಂಡಿತ್ತು. ಉಪ್ಪೂ ಗಿಪ್ಪೂ ಎಲ್ಲ ಸುಳ್ಳು ಎಂದು ಅಂದುಬಿಡಬಹುದಿತ್ತು. ಸುಳ್ಳಾದರೆ ಎರಡು ವರ್ಷ ತಾನು ಯಾರ ಮುಂದೆ ಏನನ್ನು ಕಾಪಾಡಿಕೊಂಡೆ? ಕಡಿಯಬೇಕೆಂದು ತೋಳು ಎತ್ತಿದಳು. ತೋಳು ಇಳಿಯಲಿಲ್ಲ. ಮಚ್ಚನ್ನು ನೆಲಕ್ಕೆಸೆದು, ಒಲೆಯ ಪಕ್ಕ ಕುಸಿದು ಕೂತು, ಮೊದಲ ಬಾರಿಗೆ ಗಂಡನ ಸಾವನ್ನು ಇದ್ದಹಾಗೆ ಹೇಳಿದಳು.

"ಅತ್ತೆ, ಇವನೇ. ಇದ್ರೀಸನ್ನ ಎಳೆದಿದ್ದು ಇವನೇ. ಆ ಕುದುರೆ, ಆ ಕಿವಿ. ಹಗ್ಗ ಹಾಕಿ ಕೂಳೆ ಮೇಲೆ ಎರಡು ಸಲ. ನಾನು ಹಿಪ್ಪುನೇರಳೆ ಮರದ ಕೆಳಗೆ ನಿಂತು ನೋಡಿದೀನಿ. ಮೈಮೇಲೆ ಚರ್ಮ ಇರ್ಲಿಲ್ಲ ಅತ್ತೆ, ಅದಕ್ಕೇ ನಿಮಗೆ ಬಟ್ಟೆ ಬಿಚ್ಚೋಕೆ ಬಿಡಲಿಲ್ಲ. ಹಗ್ಗ ಹಾಳಾಯ್ತು ಅಂತ ನನ್ನ ಮುಂದೇನೇ ಕೂತು ಮರುಗ್ತಾನೆ ಇವನು."

ಉಮಾಯಿ ಒಲೆಯ ಬಾಯಿಗೆ ಬಾಗಿದಳು.

"ಹೌದೇನೋ ಮಗಾ?"

"ಅವ್ವಾ, ಹುಕುಂ ಆಗಿತ್ತು." ಅವನ ಹಲ್ಲು ಕಟಕಟ ಅನ್ನುತ್ತಿತ್ತು. "ನಿನ್ನ ಮಗ ಅಂತ ಗೊತ್ತಿರ್ಲಿಲ್ಲ ಅವ್ವಾ."

"ಗೊತ್ತಿದ್ರೆ ಬೀಸ್ತಿರ್ಲಿಲ್ವಾ ಹಗ್ಗ?"

ಅವನು ಮುಖ ತಗ್ಗಿಸಿಕೊಂಡ. ಸುಳ್ಳು ಹೇಳಿದ್ದರೆ ಮುದುಕಿ ನಂಬುತ್ತಿದ್ದಳೋ ಏನೋ. ಅಷ್ಟರಲ್ಲಿ ಬೀದಿ ಬಾಗಿಲನ್ನು ಯಾರೋ ದಬದಬ ಬಡಿದರು.

"ಉಮಾಯಿ ಅಜ್ಜೀ! ನಾನು ಬಾರಾತ್! ಬಾಗಿಲು ತೆಗೀರಿ!" ಮೂಲೆಮನೆಯ ಕಟುಕ, ಹಿಂದೆ ಹತ್ತಾರು ಜನರ ಗದ್ದಲ.

ಒಲೆಯೊಳಗಿನಿಂದ ಪಿಸುಮಾತು ಬಂತು. "ಅವ್ವಾ, ಉಪ್ಪಿನ ಆಣೆ. ಬಚ್ಚಿಡವ್ವಾ."

"ಬಚ್ಚಿಡ್ತೀನಿ" ಅಂದಳು ಉಮಾಯಿ. "ಉಪ್ಪು ತಿಂದಿದೀನಿ, ಇಲ್ಲ ಅನ್ನಲ್ಲ." ಮುಚ್ಚಳವನ್ನು ತಾನೇ ಎಳೆದು ಹಾಕಿದಳು. ಅವನ ಅಂಗಿಯ ಅಂಚು ಮುಚ್ಚಳದ ಸಂದಿಯಲ್ಲಿ ಸಿಕ್ಕಿಕೊಂಡು ಒಂದು ಗೇಣು ಹೊರಗೆ ಉಳಿಯಿತು, ಕೆಂಪು ನೂಲಿನ ಹೊಲಿಗೆ ಬಿಸಿಲಿಗೆ ಎದ್ದು ಕಾಣುತ್ತಿತ್ತು. ಸೆವಿಂಚ್ ಅದನ್ನು ನೋಡಿದಳು. ಹೊಲಿದ ಕೈ ಅದನ್ನು ಮುಟ್ಟಿ ನೋಡಿತು. ಇಬ್ಬರೂ ಅದನ್ನು ಒಳಗೆ ದೂಡಲಿಲ್ಲ.

ಅತ್ತೆ ಹೋಗಿ ಅಗುಳಿ ತೆಗೆದಳು. ಬಾರಾತನ ತೋಳು ಮೊಣಕೈವರೆಗೆ ಕೆಂಪಾಗಿತ್ತು.

"ಅಜ್ಜಿ, ನಿಮ್ಮ ಟಗರು ಎಲ್ಲಿ?"

"ನಾನು ಅವನ ಉಪ್ಪು ತಿಂದೋಳು ಮಗಾ" ಅಂದಳು ಉಮಾಯಿ. ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಅಂದಳು. "ಇದಾನೆ ಅಂದ್ರೆ ದ್ರೋಹ ಆಗುತ್ತೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ, ಬಾಂಗು ಕೇಳಿದ ದಿನಾನೇ ಸುಳ್ಳು ಹೇಳೋಕಾಗಲ್ಲ. ನನ್ನ ಏನೂ ಕೇಳಬೇಡ."

ಹಾಗೆಂದು ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತಳು.

ಬಾರಾತ್ ಒಂದು ಕ್ಷಣ ಅವಳ ಮುಖ ನೋಡಿದ. ದಡ್ಡನಲ್ಲ ಅವನು. ಒಳಗೆ ಬಂದು ಅಂಗಳದ ಸುತ್ತ ಕಣ್ಣಾಡಿಸಿದ, ಒಲೆಯ ಮೇಲೆ ಕಣ್ಣು ನಿಂತಿತು. ಮುಂದೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾಲ್ಕು ಜನ ಸೇರಿ ಅವನನ್ನು ಹೊರಗೆಳೆದರು. ಅವನು "ಅವ್ವಾ, ಅವ್ವಾ" ಎಂದು ಕೂಗುತ್ತಿದ್ದ; ಯಾರನ್ನೆಂದು ಯಾರಿಗೆ ಗೊತ್ತು, ಅವನಿಗೂ ಎಲ್ಲೋ ಒಬ್ಬಳು ಇದ್ದಿರಬೇಕು.

"ಕಟ್ಟೋಕೆ ಏನಾದ್ರೂ ಇದ್ಯಾ?" ಎಂದು ಯಾರೋ ಕೇಳಿದರು.

ಸೆವಿಂಚ್ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳ ತಲೆಯ ಹಿಂದೆ ಮೊಳೆಗೆ ಕೊಚ್ಕಾರನ ಹೊಸ ಹಗ್ಗ ತೂಗುತ್ತಿತ್ತು, ಕೊಬ್ಬು ತಿಕ್ಕಿ ಮಿರುಗುತ್ತಿತ್ತು. ಅವಳು ಬಾಯಿ ಬಿಡಲಿಲ್ಲ, ಕೈ ತೋರಿಸಲಿಲ್ಲ. ಅತ್ತೆ ಬಾಗಿಲಲ್ಲಿ ಮಾಡಿದ್ದನ್ನೇ ಇಲ್ಲಿ ಇವಳೂ ಮಾಡಿದಳು. ಎರಡು ಹೆಜ್ಜೆ ಎಡಕ್ಕೆ ಸರಿದಳು.

ಅವನನ್ನು ಹಗ್ಗ ಹಾಕಿ ಎಳೆದುಕೊಂಡು ಹೋದರು. ಕುರಿಸಂತೆಯ ತನಕ ಕಲ್ಲುಹಾಸಿನ ಬೀದಿ. ಬಾಗಿಲಲ್ಲಿ ನಿಂತು ಸೆವಿಂಚ್ ಕಣ್ಣಿಗೆ ಕಾಣುವಷ್ಟು ದೂರ ನೋಡಿದಳು, ಈ ಸಲವೂ ಕಣ್ಣು ಮುಚ್ಚಲಿಲ್ಲ. ಅವಳಿಗೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ಓದುವವರಿಗೆ ಹಿತವಾಗಬಹುದು, ಆದರೆ ಅದು ಸುಳ್ಳು. ಎದೆಯ ಮೇಲಿನ ಬಂಡೆಯನ್ನು ಯಾರೋ ಎತ್ತಿ ಆಚೆ ಇಟ್ಟಂತಾಯಿತು ಅವಳಿಗೆ. ತನ್ನ ಕೈಯಿಂದ ಆಗಲಿಲ್ಲವಲ್ಲ ಎಂಬ ಸಂಕಟವೊಂದು ಉಳಿಯಿತು. ಅದು ಸಾಯುವ ತನಕ ಉಳಿಯಿತು.

ಸಂಜೆಯ ಮುಂಚೆ ಅವಳು ಭರಣಿಯಲ್ಲಿದ್ದ ಉಪ್ಪನ್ನೆಲ್ಲ ಮರಿಗೆಗೆ ಸುರಿದು ಮಚ್ಚೆ ಕುದುರೆಯ ಮುಂದಿಟ್ಟಳು. ಅದರ ಪಾಲಿನ ಉಪ್ಪು ಅದು. ಕುಂಟುಕಾಲಿನ ಮೇಲೆ ಮುಂದೆ ಬಂದು ಕುದುರೆ ತಳ ಕಾಣುವ ತನಕ ನೆಕ್ಕಿತು. ಆಮೇಲೆ ಒಲೆಯೊಳಗೆ ಉಳಿದಿದ್ದ ಅವನ ಒಂದು ಬೂಟನ್ನು ತೆಗೆದು ಹೊರಗೆಸೆದು, ಬೂದಿ ಬಾಚಿ, ಬೆಂಕಿ ಹಚ್ಚಿದಳು. ಎಷ್ಟಾದರೂ ಹಸಿವು ನಿಲ್ಲುವುದಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಒಂದೇ ಮುದ್ದೆ ನಾದಿದಳು, ಬರೀ ನೀರು ಚಿಮುಕಿಸಿ ಬಡಿದಳು. ಎರಡು ರೊಟ್ಟಿ ಬೂದಿಗೆ ಬಿದ್ದವು.

ಉಮಾಯಿ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಮಣಿಕಟ್ಟಿನಲ್ಲಿ ಬಳೆ ಮತ್ತೆ ಬಂದಿತ್ತು.

"ಸಪ್ಪೆ" ಅಂದಳು.

"ಹೂಂ. ನಾಳೆ ಬಳೆ ಕೊಡಿ ಅತ್ತೆ, ನಮ್ಮದೇ ಉಪ್ಪು ತರ್ತೀನಿ."

"ಎರಡು ವರ್ಷ ಅವನು ಇದನ್ನೇ ತಿಂದ್ನಾ?"

"ಇದನ್ನೇ."

"ಏನೂ ಅನ್ನಲಿಲ್ವಾ?"

"ಮೊದಲ್ನೇ ದಿನ ಅಂದಿದ್ದ."

ಮುದುಕಿ ಕೈಯಲ್ಲಿದ್ದ ರೊಟ್ಟಿಯನ್ನು ತಿರುಗಿಸಿ ನೋಡಿದಳು. ಅದಕ್ಕೆ ಅಂಟಿದ್ದ ಬೂದಿಯನ್ನು ಬೆರಳಿನಿಂದ ಸ್ವಲ್ಪ ಒರೆಸಿದಳು, ಪೂರ್ತಿ ಹೋಗಲಿಲ್ಲ. ಆಮೇಲೆ ಇನ್ನೊಂದು ತುಂಡು ಮುರಿದುಕೊಂಡು ತಿಂದಳು.